‘ನನ್ನ ಮುಖ ಯಾಕೆ ನಿಮ್ಮ ಥರ ಇಲ್ಲ?’: ದೇಶ ದಾಟಿ ಬಂದ ಮಗುವಿನ ಜೊತೆ ಮಾತು ತೆರೆಯುವ ಚಿತ್ರಪುಸ್ತಕಗಳು

ಅಜ್ಜಿ ಕಳಿಸಿದ ಕೆಂಪು ಕಿಮೋನೊ ತೊಟ್ಟು ಪುಟ್ಟ ಹುಡುಗಿಯೊಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ಅವಳಿದ್ದಾಳೆ, ಅವಳ ಗೊಂಬೆ ಇದೆ, ಅಪ್ಪ ಅಮ್ಮ ಇದ್ದಾರೆ. ಅವಳ ಕಣ್ಣು, ಕೂದಲು ಎಲ್ಲಾ ಗೊಂಬೆಯ ಥರ. ಅಪ್ಪ ಅಮ್ಮನ ಥರ ಯಾವುದೂ ಇಲ್ಲ. ಅಷ್ಟೇ, ಅವಳ ಲೋಕ ತಲೆಕೆಳಗಾಗುತ್ತದೆ. ನನ್ನನ್ನು ಯಾಕೆ ಕೊಟ್ಟುಬಿಟ್ಟರು? ನನ್ನ ನಿಜವಾದ ಹೆಸರೇನು? ಸಿಟ್ಟಿನಲ್ಲಿ ಅವಳು ಅಪ್ಪ ಅಮ್ಮ ಜೋಪಾನವಾಗಿಟ್ಟಿದ್ದ ಅವರ ಬಾಲ್ಯದ ವಸ್ತುಗಳನ್ನು ಹಾಳುಮಾಡುತ್ತಾಳೆ.

ಇದು ಜಪಾನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಚಿತ್ರಕಾರ ಆಲೆನ್ ಸೇ 1997ರಲ್ಲಿ ಪ್ರಕಟಿಸಿದ ‘ಆಲಿಸನ್’ ಎಂಬ ಚಿತ್ರಪುಸ್ತಕದ ಕತೆ. ಅಂತರರಾಷ್ಟ್ರೀಯ ದತ್ತು ಕುರಿತ ಮಕ್ಕಳ ಪುಸ್ತಕಗಳಲ್ಲಿ ಇದಕ್ಕೊಂದು ಬೇರೆಯೇ ಜಾಗ ಇದೆ. ಕಾರಣ ಸರಳ. ಇದರಲ್ಲಿ ಮಗುವಿಗೆ ಸಿಟ್ಟು ಬರಲು ಅವಕಾಶ ಇದೆ.

ಹೊರದೇಶದಿಂದ ದತ್ತು ಬಂದ ಮಗುವಿಗೆ ಅದರ ಕತೆ ಹೇಳೋದು ಹೇಗೆ ಅನ್ನುವ ಪ್ರಶ್ನೆಗೆ ಕಳೆದ ಮೂರು ದಶಕಗಳಲ್ಲಿ ಡಜನ್‌ಗಟ್ಟಲೆ ಚಿತ್ರಪುಸ್ತಕಗಳು ಉತ್ತರ ಕೊಟ್ಟಿವೆ. ಎಲ್ಲವೂ ಒಂದೇ ಥರದವಲ್ಲ. ಕೆಲವು ಮಾತು ಶುರುಮಾಡುತ್ತವೆ. ಕೆಲವು ಮಾತನ್ನು ಮುಗಿಸಿಬಿಡುತ್ತವೆ.

ಪುಸ್ತಕವೇ ಯಾಕೆ ಬೇಕು?

ಒಂದೇ ಊರಿನೊಳಗೆ ಆದ ದತ್ತನ್ನು ಬಚ್ಚಿಡುವ ಮನೆಗಳಿವೆ. ಅದು ತಪ್ಪು, ಆ ಮಾತು ಬೇರೆ. ದೇಶ ದಾಟಿದ ದತ್ತಿನಲ್ಲಿ ಎಷ್ಟೋ ಸಲ ಬಚ್ಚಿಡುವುದು ಸಾಧ್ಯವೇ ಆಗುವುದಿಲ್ಲ, ಮಗುವಿನ ಮುಖವೇ ಹೇಳಿಬಿಡುತ್ತದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಗೇಟಿನ ಹತ್ತಿರ ಯಾರೋ ಕೇಳುತ್ತಾರೆ: “ಇವಳ ನಿಜವಾದ ಅಮ್ಮ ಎಲ್ಲಿದ್ದಾಳೆ?” ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ.

ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿ ಮತ್ತು ಕಿಟಕಿಗೆ ಹೋಲಿಸಿದ್ದರು. ಮಗು ಪುಸ್ತಕದಲ್ಲಿ ತನ್ನನ್ನೂ ಕಾಣಬೇಕು, ಬೇರೆಯವರ ಬದುಕನ್ನೂ ಕಾಣಬೇಕು ಎಂಬುದು ಅವರ ವಾದ. ಮನೆಯಲ್ಲಿ ತನ್ನ ಹಾಗೆ ಕಾಣುವ ಒಬ್ಬರೂ ಇಲ್ಲದ ಮಗುವಿಗೆ ಪುಸ್ತಕದ ಪುಟ ಅಕ್ಷರಶಃ ಮೊದಲ ಕನ್ನಡಿ ಆಗಬಹುದು.

ಇನ್ನೊಂದು ಕಾರಣ ವಯಸ್ಸಿನದು. ದತ್ತು ಮಕ್ಕಳ ತಿಳಿವಳಿಕೆ ಬೆಳೆಯುವ ಬಗೆಯನ್ನು ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಝಿನ್‌ಸ್ಕಿ 1980ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಮೂರು ನಾಲ್ಕು ವರ್ಷದ ಮಗು “ನಾನು ದತ್ತು ಮಗು” ಅಂತ ಖುಷಿಯಿಂದ ಹೇಳುತ್ತದೆ, ಅದರ ಅರ್ಥ ಗೊತ್ತಿರುವುದಿಲ್ಲ. ಆರೇಳು ವರ್ಷದ ಹೊತ್ತಿಗೆ ಇನ್ನೊಂದು ಬದಿ ಹೊಳೆಯಲು ಶುರುವಾಗುತ್ತದೆ: ಈ ಮನೆಗೆ ಬಂದೆ ಅಂದರೆ ಇನ್ನೊಂದು ಮನೆ ಬಿಟ್ಟು ಬಂದೆ. ನಗುನಗುತ್ತಾ ಕತೆ ಕೇಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುವುದು ಆಗಲೇ. ಎದುರುಬದುರು ಕೂತು ಕೇಳಲು ಆಗದ್ದನ್ನು ಅದು ಚಿತ್ರದ ಮೇಲೆ ಬೆರಳಿಟ್ಟು ಕೇಳುತ್ತದೆ: “ಈ ಪಾಪುವಿನ ಅಮ್ಮ ಎಲ್ಲಿ?”

ಹೆಚ್ಚಿನವು ಯಾರು ಬರೆದ ಪುಸ್ತಕಗಳು?

ಈ ಪುಸ್ತಕಗಳ ಹಿಂದೆ ದೊಡ್ಡದೊಂದು ವಲಸೆಯ ಕತೆ ಇದೆ. ಕೊರಿಯಾ ಯುದ್ಧದ ನಂತರ, 1950ರ ದಶಕದಲ್ಲಿ, ದಕ್ಷಿಣ ಕೊರಿಯಾದ ಮಕ್ಕಳು ಅಮೆರಿಕ, ಯುರೋಪಿನ ಮನೆಗಳಿಗೆ ಹೋಗತೊಡಗಿದರು. 1990ರ ದಶಕದಲ್ಲಿ ಚೀನಾ ಬಾಗಿಲು ತೆರೆಯಿತು. ಮಕ್ಕಳ ಸಂಖ್ಯೆಗೆ ಮಿತಿ ಹಾಕಿದ ಸರ್ಕಾರದ ನೀತಿ ಮತ್ತು ಗಂಡುಮಗುವಿನ ಹಂಬಲ ಸೇರಿ ಅಲ್ಲಿನ ಅನಾಥಾಲಯಗಳು ಹೆಣ್ಣುಮಕ್ಕಳಿಂದ ತುಂಬಿದ್ದವು. 1992ರಿಂದ 1.6 ಲಕ್ಷಕ್ಕೂ ಹೆಚ್ಚು ಮಕ್ಕಳು ಚೀನಾದಿಂದ ಹೊರದೇಶಗಳಿಗೆ ದತ್ತು ಹೋದರು, ಅದರಲ್ಲಿ ಸುಮಾರು ಅರ್ಧದಷ್ಟು ಅಮೆರಿಕಕ್ಕೆ. 2004ರಲ್ಲಿ ಅಮೆರಿಕ ಒಂದೇ ವರ್ಷ ಹೊರದೇಶಗಳಿಂದ ಸುಮಾರು 23 ಸಾವಿರ ಮಕ್ಕಳನ್ನು ದತ್ತು ಪಡೆಯಿತು. 2023ರಲ್ಲಿ ಈ ಸಂಖ್ಯೆ 1,275ಕ್ಕೆ ಇಳಿದಿತ್ತು. 2024ರಲ್ಲಿ ಚೀನಾ, ಹತ್ತಿರದ ಸಂಬಂಧಿಕರನ್ನು ಬಿಟ್ಟು ಉಳಿದವರಿಗೆ ಬಾಗಿಲು ಮುಚ್ಚಿತು.

ಚಿತ್ರಪುಸ್ತಕಗಳು ಹೆಚ್ಚಾಗಿ ಬಂದದ್ದು ಈ ಏರಿಕೆಯ ಕಾಲದಲ್ಲೇ. ಬರೆದವರಲ್ಲಿ ಅನೇಕರು ದತ್ತು ಪಡೆದ ತಂದೆತಾಯಿಗಳು. ಗ್ವಾಟೆಮಾಲಾದಿಂದ ಮಗಳನ್ನು ತಂದ ಕ್ಯಾರೆನ್ ಕಾಟ್ಝ್ 1997ರಲ್ಲಿ ‘ಓವರ್ ದ ಮೂನ್’ ಪ್ರಕಟಿಸಿದರು. ಚೀನಾದಿಂದ ಮಗಳನ್ನು ತಂದ ರೋಸ್ ಲೂಯಿಸ್ 2000ದಲ್ಲಿ ‘ಐ ಲವ್ ಯೂ ಲೈಕ್ ಕ್ರೇಜಿ ಕೇಕ್ಸ್’ ಬರೆದರು. ಇವುಗಳ ಧಾಟಿ ಹೆಚ್ಚುಕಮ್ಮಿ ಒಂದೇ: ಕಾಯುವಿಕೆ, ಫೋನ್ ಕರೆ, ವಿಮಾನ, ತೋಳಿಗೆ ಬಂದ ಮಗು, ಮನೆತುಂಬ ನೆಂಟರು. ಪ್ರೀತಿ ಸುಳ್ಳಲ್ಲ. ಆದರೆ ಅದು ಅಪ್ಪ ಅಮ್ಮನ ಕತೆ. ಮಗುವಿನ ಕತೆ ವಿಮಾನ ಹತ್ತುವ ಮೊದಲೇ ಶುರುವಾಗಿರುತ್ತದೆ.

ಪುಸ್ತಕ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಕತೆಯಲ್ಲಿ ಹೆತ್ತ ತಾಯಿ ಇದ್ದಾಳಾ? ಲೂಯಿಸ್ ಪುಸ್ತಕದ ಹೆಚ್ಚುಗಾರಿಕೆ ಇಲ್ಲೇ ಇದೆ. ಸಂಭ್ರಮದ ನಡುವೆ ದತ್ತು ತಾಯಿ, ಮಗುವನ್ನು ತನ್ನ ಬಳಿ ಇಟ್ಟುಕೊಳ್ಳಲಾಗದ ಚೀನೀ ತಾಯಿಗಾಗಿ ಅಳುತ್ತಾಳೆ. ಆ ಒಂದು ಪುಟದಿಂದ ಎಷ್ಟೋ ಮನೆಗಳಲ್ಲಿ ಮಾತು ಶುರುವಾಗಬಹುದು.

ಯಾವ ಪ್ರಶ್ನೆಗೆ ಯಾವ ಪುಸ್ತಕ

*ನಾನು ಯಾಕೆ ಬೇರೆ ಥರ ಕಾಣ್ತೀನಿ?* ತೀರಾ ಚಿಕ್ಕವರಿಗೆ ಪ್ರಾಣಿಗಳ ಕತೆ ಸುಲಭ. ಕೆಯಿಕೊ ಕಾಸ್ಝಾ ಅವರ ‘ಎ ಮದರ್ ಫಾರ್ ಚೋಕೊ’ದಲ್ಲಿ ಒಂಟಿ ಹಕ್ಕಿಮರಿಯೊಂದು ತನ್ನ ಹಾಗೆ ಕಾಣುವ ಅಮ್ಮನನ್ನು ಹುಡುಕಿ ಸೋತು, ಕೊನೆಗೆ ಯಾವುದರಲ್ಲೂ ತನ್ನ ಹಾಗಿಲ್ಲದ ಕರಡಿಯ ಮನೆ ಸೇರುತ್ತದೆ. ಹಾಲಿ ಕೆಲ್ಲರ್ ಅವರ ‘ಹೊರೇಸ್’ನಲ್ಲಿ ಹುಲಿ ದಂಪತಿ ಸಾಕಿದ ಚಿರತೆಮರಿ, ತನ್ನ ಹಾಗೆ ಚುಕ್ಕೆ ಇರುವವರನ್ನು ಹುಡುಕಿಕೊಂಡು ಮನೆ ಬಿಡುತ್ತದೆ. ಅವರು ಸಿಗುತ್ತಾರೆ, ಆಟವೂ ಆಗುತ್ತದೆ. ಸಂಜೆಯಾದಾಗ ಮನೆ ನೆನಪಾಗುತ್ತದೆ. ಮಗು ತನ್ನವರನ್ನು ಹುಡುಕುವುದು ಸಾಕಿದವರಿಗೆ ಮಾಡುವ ದ್ರೋಹ ಅಲ್ಲ ಅನ್ನುವುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

*ನನ್ನನ್ನು ಯಾಕೆ ಬಿಟ್ಟರು?* ಯಿಂಗ್ ಯಿಂಗ್ ಫ್ರೈ ಅವರ ‘ಕಿಡ್ಸ್ ಲೈಕ್ ಮಿ ಇನ್ ಚೀನಾ’ (2001) ಫೋಟೊಗಳ ಪುಸ್ತಕ. ಎಂಟು ವರ್ಷದ ಹುಡುಗಿಯೇ ತಾನಿದ್ದ ಚಾಂಗ್‌ಶಾ ಅನಾಥಾಲಯಕ್ಕೆ ಮರಳಿ ಹೋಗಿ ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾಳೆ. ಸರ್ಕಾರದ ನೀತಿ, ಗಂಡುಮಕ್ಕಳ ಮೇಲಿನ ಒಲವು ಯಾವುದನ್ನೂ ಮುಚ್ಚಿಡುವುದಿಲ್ಲ.

*ನನ್ನ ಹೆಸರೇನು?* ಮೇರಿ ಕಮಿಂಗ್ಸ್ ಅವರ ‘ಥ್ರೀ ನೇಮ್ಸ್ ಆಫ್ ಮಿ’ (2006) ಪುಸ್ತಕದ ಹುಡುಗಿಗೆ ಮೂರು ಹೆಸರು. ಒಂದು ಅಮೆರಿಕದ ಅಪ್ಪ ಅಮ್ಮ ಇಟ್ಟದ್ದು, ಒಂದು ಅನಾಥಾಲಯ ಕೊಟ್ಟದ್ದು, ಇನ್ನೊಂದು ಹೆತ್ತವಳು ಕಿವಿಯಲ್ಲಿ ಉಸುರಿದ್ದಿರಬಹುದಾದ, ಈಗ ನೆನಪಿಲ್ಲದ ಹೆಸರು. ಗೊತ್ತಿಲ್ಲದ್ದಕ್ಕೂ ಈ ಪುಸ್ತಕ ಜಾಗ ಬಿಟ್ಟಿದೆ.

*ತಂಗಿ ಯಾವಾಗ ಬರ್ತಾಳೆ?* ಮನೆಯಲ್ಲಿ ಮೊದಲೇ ಇರುವ ಮಗುವಿಗೆ ದೆಹಲಿಯಲ್ಲಿ ಹುಟ್ಟಿದ ಉಮಾ ಕೃಷ್ಣಸ್ವಾಮಿ ಅವರ ‘ಬ್ರಿಂಗಿಂಗ್ ಆಶಾ ಹೋಮ್’ (2006) ಚೆನ್ನಾಗಿ ಹೊಂದುತ್ತದೆ. ಅಮೆರಿಕದಲ್ಲಿರುವ ಅರುಣ್‌ಗೆ ರಾಖಿ ಕಟ್ಟಲು ತಂಗಿ ಬೇಕು. ಭಾರತದಿಂದ ಬರಬೇಕಾದ ಆಶಾಳ ಕಾಗದಪತ್ರ ಮುಗಿಯುವುದೇ ಇಲ್ಲ. ಫೋಟೊದಲ್ಲಿರುವ ತಂಗಿ ದೂರದಲ್ಲೇ ಬೆಳೆಯುತ್ತಿರುತ್ತಾಳೆ. ಸರ್ಕಾರಿ ವಿಳಂಬವನ್ನು ಮಗುವಿನ ಎತ್ತರದಲ್ಲಿ ನಿಂತು ನೋಡಿದ ಪುಸ್ತಕ ಇದು.

‘ನಿನ್ನಮ್ಮ ಪ್ರೀತಿಯಿಂದಲೇ ಕೊಟ್ಟಳು’ ಅನ್ನೋದು ನಮಗೆ ಗೊತ್ತಾ?

ಈ ಮಾದರಿಯ ಪುಸ್ತಕಗಳಲ್ಲಿ ಹೆಚ್ಚು ಯೋಚಿಸಬೇಕಾದ ಸಂಗತಿ ಇದು. ‘ವಿಧಿ ನಮ್ಮನ್ನು ಸೇರಿಸಿತು’, ‘ನಿನ್ನಮ್ಮ ನಿನ್ನ ಒಳ್ಳೇದಕ್ಕೇ ಕೊಟ್ಟಳು’, ‘ನಿನ್ನನ್ನು ನಾವು ಆರಿಸಿಕೊಂಡೆವು’ ಎಂಬ ಭಾವ ಅನೇಕ ಪುಸ್ತಕಗಳಲ್ಲಿದೆ. ಗ್ರೇಸ್ ಲಿನ್ ಅವರ ‘ದ ರೆಡ್ ಥ್ರೆಡ್’ (2007) ಚೀನೀ ನಂಬಿಕೆಯೊಂದನ್ನು ಆಧರಿಸಿದ್ದು. ರಾಜ ರಾಣಿಯರ ಎದೆಗೆ ಕಟ್ಟಿದ ಕಾಣದ ಕೆಂಪು ದಾರದ ಇನ್ನೊಂದು ತುದಿಯಲ್ಲಿ ಮಗು ಸಿಗುತ್ತದೆ. ಚಿತ್ರಗಳು ಚೆಂದ. ಆದರೆ ಹತ್ತು ವರ್ಷದ ಮಗು ಕೇಳಬಹುದು: “ನಾನು ನಿಮಗೆ ಸಿಗಬೇಕು ಅಂತ ಬರೆದಿತ್ತು ಅಂದ್ರೆ, ಅವಳು ನನ್ನ ಕಳ್ಕೋಬೇಕು ಅಂತಾನೂ ಬರೆದಿತ್ತಾ?”

ಇದು ಬರೀ ಭಾವನೆಯ ಪ್ರಶ್ನೆ ಅಲ್ಲ. ದಕ್ಷಿಣ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗ 2025ರ ಮಾರ್ಚ್‌ನಲ್ಲಿ, ದಶಕಗಳ ಕಾಲ ನಡೆದ ವಿದೇಶಿ ದತ್ತುಗಳಲ್ಲಿ ದಾಖಲೆಗಳನ್ನು ತಿದ್ದಲಾಗಿತ್ತು, ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ತೋರಿಸಲಾಗಿತ್ತು, ಇದಕ್ಕೆ ಸರ್ಕಾರವೂ ಹೊಣೆ ಎಂದು ಹೇಳಿತು. ಸ್ವೀಡನ್‌ನಲ್ಲಿ ಬೆಳೆದ ಕೊರಿಯಾ ಮೂಲದ ಲೀಸಾ ವೂಲ್-ರಿಮ್ ಶೋಬ್ಲೋಮ್ ತಮ್ಮ ಸುಳ್ಳು ಕಾಗದಗಳ ಬೆನ್ನು ಹತ್ತಿದ ಕತೆಯನ್ನು ‘ಪ್ಯಾಲಿಂಪ್ಸೆಸ್ಟ್’ ಎಂಬ ಚಿತ್ರಕಾದಂಬರಿಯಲ್ಲಿ ಹೇಳಿದ್ದಾರೆ.

ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ ಸರೂ ಬ್ರೈರ್ಲಿ ಇದ್ದಾರೆ. ಐದು ವರ್ಷದ ಹುಡುಗ ಮಧ್ಯಪ್ರದೇಶದಲ್ಲಿ ರೈಲು ಹತ್ತಿ, ಕಲ್ಕತ್ತಾದಲ್ಲಿ ಕಳೆದುಹೋಗಿ, ಅಲ್ಲಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ದತ್ತು ಹೋದ. ಅವನ ತಾಯಿ ಅವನನ್ನು ಯಾರಿಗೂ ಕೊಟ್ಟಿರಲಿಲ್ಲ, ಖಂಡ್ವಾದಲ್ಲೇ ಕಾಯುತ್ತಿದ್ದಳು. 2012ರಲ್ಲಿ ಮರಳಿ ಬಂದಾಗಲೇ ಅವನಿಗೆ ಗೊತ್ತಾದದ್ದು, ತನ್ನ ಹೆಸರು ಸರೂ ಅಲ್ಲ, ಶೇರೂ ಅಂತ. ‘ಲಯನ್’ ಸಿನಿಮಾ ಈ ಬದುಕಿನದೇ ಕತೆ.

ಹಾಗಾಗಿ ಪುಸ್ತಕದಲ್ಲಿ ಏನೇ ಇರಲಿ, ಮನೆಯಲ್ಲಿ ಒಂದು ನಿಯಮ ಇರಲಿ: ಗೊತ್ತಿರುವುದನ್ನು ಮಾತ್ರ ಹೇಳಿ. “ಅವಳು ನಿನ್ನನ್ನು ಯಾಕೆ ಬಿಟ್ಟಳು ಅಂತ ನಮಗೆ ಗೊತ್ತಿಲ್ಲ. ಗೊತ್ತಾಗೋದಾದ್ರೆ ಒಟ್ಟಿಗೆ ಹುಡುಕೋಣ” ಎಂಬ ಮಾತು ಸಿಹಿ ಊಹೆಗಿಂತ ಗಟ್ಟಿ. ಇವತ್ತು ಹೆಣೆದ ಊಹೆ ಇಪ್ಪತ್ತು ವರ್ಷದ ನಂತರ ಸುಳ್ಳಾದರೆ, ಮಗು ಅದನ್ನು ಹೇಳಿದವರನ್ನೇ ನಂಬದೇ ಹೋಗಬಹುದು.

ಕನ್ನಡದ ಮನೆಗಳಿಗೆ ಇದು ಎಷ್ಟು ಹತ್ತಿರ?

ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಪ್ರಕಾರ 2024–25ರಲ್ಲಿ ಭಾರತದಲ್ಲಿ 4,515 ದತ್ತುಗಳಾದವು. ಅದರಲ್ಲಿ 4,155 ದೇಶದೊಳಗಿನವು, ಉಳಿದ ಮಕ್ಕಳು ಹೊರದೇಶದ ಮನೆ ಸೇರಿದರು. ಹೊರಗೆ ಹೋಗುವವರಲ್ಲಿ ವಿಶೇಷ ಅಗತ್ಯದ ಮಕ್ಕಳು, ತುಸು ದೊಡ್ಡವರಾದ ಮಕ್ಕಳು ಹೆಚ್ಚು. ನಿಯಮದಂತೆ ಅನಿವಾಸಿ ಭಾರತೀಯರಿಗೆ ಇಲ್ಲಿ ಇರುವವರಷ್ಟೇ ಆದ್ಯತೆ ಇದೆ. ನ್ಯೂಜೆರ್ಸಿಯಲ್ಲೋ ಲಂಡನ್ನಲ್ಲೋ ಇರುವ ಕನ್ನಡದ ಅಪ್ಪ ಅಮ್ಮ ಇಲ್ಲಿಂದ ಮಗುವನ್ನು ಕರೆದೊಯ್ದರೆ ಮುಖದ ಬಣ್ಣ ಹೊಂದಿಕೊಳ್ಳಬಹುದು. ಅದರಿಂದ ಮಾತು ಮುಂದೂಡುವ ಆಸೆ ಇನ್ನೂ ಹೆಚ್ಚಾಗುತ್ತದೆ.

ಮುಂದೂಡಿದರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ. ಕರ್ಣನ ಕತೆ ಕೇಳದ ಕನ್ನಡಿಗರು ಯಾರು? ರಾಧೆಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕರ್ಣ ಕೊನೆಯವರೆಗೂ ರಾಧೇಯನೇ. ದುರಂತ ಇರುವುದು ಸತ್ಯ ತಡವಾಗಿ ಬಂದದ್ದರಲ್ಲಿ, ಅದೂ ಯುದ್ಧದ ಹೊಸ್ತಿಲಲ್ಲಿ, ಬೇರೆಯವರ ಅಗತ್ಯಕ್ಕಾಗಿ ಬಂದದ್ದರಲ್ಲಿ.

ನಮ್ಮ ಮಾತಿನಲ್ಲೂ ಎಚ್ಚರ ಬೇಕು. ‘ಸಾಕು ಮಗು’ ಅನ್ನುವಾಗ ‘ಸಾಕು ನಾಯಿ’ಯೂ ಅದೇ ಪದದಲ್ಲಿದೆ ಎಂಬುದನ್ನು ಮಗು ಬೇಗ ಗಮನಿಸುತ್ತದೆ. ‘ಆಲಿಸನ್’ ಪುಸ್ತಕದ ಕೊನೆಯಲ್ಲಿ ಹುಡುಗಿ ಬೀದಿಬೆಕ್ಕೊಂದನ್ನು ಮನೆಗೆ ಸೇರಿಸಿಕೊಳ್ಳುತ್ತಾಳೆ. ಆ ಪುಟದಲ್ಲಿ ಸ್ವಲ್ಪ ನಿಂತು, ಬೆಕ್ಕು ತರುವುದಕ್ಕೂ ಮಗು ಬರುವುದಕ್ಕೂ ಇರುವ ವ್ಯತ್ಯಾಸ ಮಾತಾಡುವುದು ಒಳ್ಳೆಯದು. ‘ನಿಜವಾದ ಅಮ್ಮ’ ಅನ್ನುವುದರ ಬದಲು ‘ಹೆತ್ತಮ್ಮ’ ಅನ್ನಬಹುದು. ‘ಬಿಸಾಕಿ ಹೋದರು’ ಅನ್ನುವ ಮಾತು ನೆಂಟರ ಬಾಯಲ್ಲೂ ಬರಬಾರದು, ಮಗು ಆಚೆ ಕೋಣೆಯಲ್ಲಿದ್ದರೂ.

ಓದುವಾಗ

• ಮೇಲಿನವೆಲ್ಲ ಇಂಗ್ಲಿಷ್ ಪುಸ್ತಕಗಳು. ಚಿತ್ರ ತೋರಿಸುತ್ತಾ ನಿಮ್ಮ ಕನ್ನಡದಲ್ಲೇ ಕತೆ ಹೇಳಿ. ಹೊಂದದ ವಾಕ್ಯವನ್ನು ಬದಲಿಸಿಕೊಳ್ಳಿ.

• ಮೊದಲು ನೀವೊಬ್ಬರೇ ಓದಿ. ಯಾವ ಪುಟದಲ್ಲಿ ನಿಮ್ಮ ಗಂಟಲು ಕಟ್ಟುತ್ತದೆ ಅಂತ ಮೊದಲೇ ತಿಳಿದಿರಲಿ.

• ಮಗುವಿನ ಕತೆಯನ್ನು ಏರ್‌ಪೋರ್ಟಿನಿಂದಲ್ಲ, ಹುಟ್ಟಿನಿಂದ ಶುರುಮಾಡಿ. ಎಲ್ಲ ಮಕ್ಕಳೂ ಒಬ್ಬ ತಾಯಿಯ ಹೊಟ್ಟೆಯಿಂದಲೇ ಬರುವುದು.

• ಮನೆಯಲ್ಲೇ ಒಂದು ಪುಸ್ತಕ ಮಾಡಿ. ದತ್ತು ಸಮಯದಲ್ಲಿ ಸಿಗುವ ಮಗುವಿನ ಅಧ್ಯಯನ ವರದಿ, ಊರಿನ ನಕ್ಷೆ, ಮೊದಲ ಫೋಟೊ ಸೇರಲಿ. ಗುಟ್ಟಿನ ವಿವರಗಳನ್ನು ಬೇರೆ ಎತ್ತಿಡಿ. ಅದನ್ನು ಯಾರಿಗೆ ತೋರಿಸಬೇಕು ಅನ್ನುವುದು ಮಗುವಿನ ಹಕ್ಕು.

• ಭಾರತದ ದತ್ತು ನಿಯಮಗಳು ಮೂಲ ಹುಡುಕಲು ಅವಕಾಶ ಕೊಟ್ಟಿವೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರು ದತ್ತು ತಂದೆತಾಯಿಯ ಜೊತೆ ಸೇರಿ ಕೇಳಬಹುದು. ಆದ್ದರಿಂದ ಕಾಗದಪತ್ರಗಳನ್ನು ಹಾಗೇ ಕಾಪಾಡಿ.

• ಪುಸ್ತಕ ಓದಿ ಮುಗಿದ ಕೂಡಲೇ ಮಗು ಅಳಬೇಕು, ಅಪ್ಪಿಕೊಳ್ಳಬೇಕು ಅಂತ ಕಾಯಬೇಡಿ. ಪ್ರಶ್ನೆ ಮೂರು ದಿನದ ನಂತರ ಸ್ನಾನದ ಮನೆಯಲ್ಲಿ ಬರಬಹುದು.

‘ಹೊರೇಸ್’ ಕತೆಯಲ್ಲಿ ತಾಯಿಹುಲಿ ಪ್ರತಿ ರಾತ್ರಿ ಮರಿಗೆ ಅದು ಮನೆಗೆ ಬಂದ ಕತೆ ಹೇಳುತ್ತಾಳೆ, ಮರಿ ಪ್ರತಿ ರಾತ್ರಿ ಕತೆ ಮುಗಿಯುವ ಮೊದಲೇ ನಿದ್ದೆ ಹೋಗುತ್ತದೆ. ಮನೆಯಲ್ಲೂ ಆಗುವುದು ಹಾಗೇ. ಒಂದೇ ಸಲ ಕೂರಿಸಿ ಹೇಳಿ ಮುಗಿಸುವ ಸುದ್ದಿ ಇದಲ್ಲ. ನಾಲ್ಕಕ್ಕೆ, ಎಂಟಕ್ಕೆ, ಹದಿನಾರಕ್ಕೆ, ಆಯಾ ವಯಸ್ಸಿಗೆ ತಕ್ಕಷ್ಟು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಆ ಪುಸ್ತಕ ಬೀರುವಿನ ಮೇಲ್ಗಡೆ ಬೇಡ, ಮಗುವಿನ ಕೈಗೆ ಎಟುಕುವ ಜಾಗದಲ್ಲಿರಲಿ.