ನಮ್ಮ ವಂಶಾವಳಿ ಎಷ್ಟು ನಂಬಿಕೆಗೆ ಅರ್ಹ?



ತಿಲಕ್‌ನಗರ, ಗುರಪ್ಪನಪಾಳ್ಯ, ಬನಶಂಕರಿ, ಜೆ.ಪಿ. ನಗರ ಮುಂತಾದ ನಮ್ಮ ಸುತ್ತಲಿನ ಬಡಾವಣೆಗಳಲ್ಲಿ ನೆಲೆಸಿರುವ ಕೆಲವು ಕುಟುಂಬಗಳ ಬಳಿ ಒಂದು ಹಳೆಯ ಕಾಗದ ಇರುತ್ತದೆ. ಉರ್ದು ಮಾತನಾಡುವವರು ಅದನ್ನು ಶಜರಾ ಎನ್ನುತ್ತಾರೆ. ಕರಾವಳಿಯಿಂದ ಬಂದವರು ವಂಶಾವಳಿ ಎನ್ನುತ್ತಾರೆ. ಕಾಗದದ ಕೆಳಗಡೆ ನಮ್ಮ ನಿಮ್ಮ ಹೆಸರು, ಮೇಲ್ಗಡೆ ಒಬ್ಬ ರಾಜನ ಹೆಸರು. ಇವೆರಡರ ನಡುವಿನ ಹೆಸರುಗಳನ್ನು ನಾವು ಎಂದಾದರೂ ಎಣಿಸಿ ನೋಡಿದ್ದೇವೆಯೇ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದವನು ನಮ್ಮ ಸಂಘದ ಒಬ್ಬ ವಿದ್ಯಾರ್ಥಿ. ಅವನ ಕುಟುಂಬ ಕರಾವಳಿಯಿಂದ ಬಂದು ಜಯನಗರದ ಬಳಿ ನೆಲೆಸಿದೆ. ಅವನ ಅಜ್ಜ ಹಾಜಿಯವರು ಒಂದು ವಂಶಾವಳಿಯನ್ನು ಕೊಟ್ಟು, ಅದನ್ನು ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸಬೇಕೆಂದು ಹೇಳಿ ಕಳಿಸಿದ್ದರು. ಅದರಲ್ಲಿ 14 ಹೆಸರುಗಳಿದ್ದವು. ಮೊದಲನೆಯದು ಮಕ್ಕಾಕ್ಕೆ ಹೋಗಿ ಇಸ್ಲಾಂ ಸ್ವೀಕರಿಸಿದನೆಂದು ಹೇಳಲಾಗುವ ಕೇರಳದ ದೊರೆ ಚೇರಮಾನ್ ಪೆರುಮಾಳ್. "ಸರ್, ಇದು ನಿಜವೇ? ಇದೇ ಕಾಗದ ತೋರಿಸಿ, ಹುಡುಗನ ಮನೆಯವರಿಗೆ ವಂಶವಿಲ್ಲ ಎಂದು ನನ್ನ ಅಕ್ಕನಿಗೆ ಬಂದ ಸಂಬಂಧವನ್ನು ಬೇಡವೆಂದರು" ಎಂದು ಅವನು ಕೇಳಿದ. ಇದು ಕೇವಲ ಚರಿತ್ರೆಯ ಪ್ರಶ್ನೆಯಲ್ಲ ಎಂಬುದು ನನಗೆ ಆಗ ತಿಳಿಯಿತು. ಇಂತಹ ಹಕ್ಕನ್ನು ಪರೀಕ್ಷಿಸುವುದು ಹೇಗೆ ಎಂದು ಇಬ್ಬರೂ ಕೂಡಿ ನೋಡಿದೆವು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬೇಗೂರಿನ ಕಲ್ಲು ಹೇಳುವ ಪಾಠ

ಬಿ.ಟಿ.ಎಂ. ಲೇಔಟ್‌ನಿಂದ ಬೊಮ್ಮನಹಳ್ಳಿ ದಾಟಿ ಹೋದರೆ ಬೇಗೂರು ಸಿಗುತ್ತದೆ. ಅಲ್ಲಿನ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಆಗ ಈ ಪ್ರದೇಶ ಗಂಗರ ಆಳ್ವಿಕೆಯಲ್ಲಿತ್ತು. ನಾಗತ್ತರನೆಂಬವನು ಇಲ್ಲಿನ ಅಧಿಕಾರಿಯಾಗಿದ್ದ. ಬೆಂಗಳೂರಿನ ಕಾಳಗದಲ್ಲಿ ಅವನ ಕಡೆಯ ಒಬ್ಬ ವೀರ ಮಡಿದ ಸಂಗತಿ ಆ ಕಲ್ಲಿನಲ್ಲಿದೆ.

ಬೆಂಗಳೂರು ಎಂಬ ಹೆಸರಿನ ಬಗ್ಗೆ ನಾವೆಲ್ಲ ಕೇಳಿದ ಕಥೆ ಬೇರೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಹೆಸರು ಬಂತು ಎಂಬುದು ಆ ಕಥೆ. ಇಮ್ಮಡಿ ವೀರಬಲ್ಲಾಳನು ಆಳಿದ್ದು 1173ರಿಂದ 1220ರವರೆಗೆ. ಹೆಸರಾದರೋ ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಕಲ್ಲಿನ ಮೇಲಿತ್ತು. ಕಥೆ ಎಷ್ಟೇ ಸೊಗಸಾಗಿದ್ದರೂ ಅದೇ ಕಾಲದಲ್ಲಿ ಬರೆದ ಒಂದು ಸಾಲಿನ ಮುಂದೆ ನಿಲ್ಲಲಾರದು. ಆದ್ದರಿಂದ ಮೊದಲ ಪ್ರಶ್ನೆ ಇದು: ಈ ಮಾತನ್ನು ಮೊದಲ ಬಾರಿಗೆ ಬರೆದದ್ದು ಯಾವಾಗ? ಘಟನೆಗೂ ಬರಹಕ್ಕೂ ಎಷ್ಟು ವರ್ಷಗಳ ಅಂತರವಿದೆ?

ತಾಮ್ರದ ಮೇಲಿದ್ದರೂ ಸುಳ್ಳಾಗಬಹುದು

ಬರೆದದ್ದೆಲ್ಲ ನಿಜವೇ ಎಂದು ನೀವು ಕೇಳಬಹುದು. ಅದೇ ಗಂಗರ ಹೆಸರಿನಲ್ಲಿ ಅನೇಕ ತಾಮ್ರಪಟಗಳು ದೊರೆತಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು ಇವುಗಳಲ್ಲಿ ಹಲವನ್ನು ನಂಬಿದರು. ಜೆ.ಎಫ್. ಫ್ಲೀಟ್ ಅವರು ಇವು ನಂತರದ ಕಾಲದಲ್ಲಿ ಸೃಷ್ಟಿಸಿದ ಕೂಟಶಾಸನಗಳೆಂದು ವಾದಿಸಿದರು. ಮಡಿಕೇರಿಯ ತಾಮ್ರಪಟವನ್ನೇ ನೋಡಿ. ಅದರಲ್ಲಿ ಹೇಳಿರುವ 388ನೇ ವರ್ಷವನ್ನು ಶಕವರ್ಷವೆಂದು ತೆಗೆದುಕೊಂಡರೆ ಕ್ರಿ.ಶ. 466 ಆಗುತ್ತದೆ. ಆದರೆ ಅದರ ಅಕ್ಷರಗಳು ಶತಮಾನಗಳಷ್ಟು ಈಚಿನವು. ಅದರಲ್ಲಿ ಬರುವ ಅಕಾಲವರ್ಷ ಎಂಬುದು ಎಷ್ಟೋ ಕಾಲದ ನಂತರ ಆಳಿದ ರಾಷ್ಟ್ರಕೂಟ ದೊರೆಗಳ ಬಿರುದು. ಹುಟ್ಟದ ಮೊಮ್ಮಗನ ಹೆಸರನ್ನು ಅಜ್ಜನ ಪತ್ರದಲ್ಲಿ ಬರೆದಂತಾಯಿತು.

ಇಂತಹ ಪಟಗಳನ್ನು ಏಕೆ ಸೃಷ್ಟಿಸುತ್ತಿದ್ದರು? ಭೂಮಿಗಾಗಿ. ಹಳೆಯ ರಾಜ ದಾನ ಕೊಟ್ಟನೆಂದು ತೋರಿಸಿದರೆ ಹೊಲದ ಹಕ್ಕು ಗಟ್ಟಿಯಾಗುತ್ತಿತ್ತು. ಇದು ಎರಡನೆಯ ಪ್ರಶ್ನೆ: ಈ ಮಾತಿನಿಂದ ಲಾಭ ಯಾರಿಗೆ?

ಆದರೆ ಫ್ಲೀಟ್ ಅವರು ಸಂದೇಹವನ್ನೇ ಹಟವಾಗಿ ಮಾಡಿಕೊಳ್ಳಲಿಲ್ಲ. ಪೆನುಕೊಂಡದ ಗಂಗ ತಾಮ್ರಪಟ ಬೆಳಕಿಗೆ ಬಂದಾಗ ಅದರ ಲಿಪಿ ಮತ್ತು ಬರಹವನ್ನು ಪರಿಶೀಲಿಸಿ, ಅದು 5ನೇ ಶತಮಾನದ ನಿಜವಾದ ಶಾಸನವೆಂದು 1915ರಲ್ಲಿ ಒಪ್ಪಿಕೊಂಡರು. ಪರೀಕ್ಷೆ ಎಂದರೆ ನಿರಾಕರಣೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಇದರಿಂದ ಕಲಿಯಬೇಕು.

ಇಬ್ನ್ ಖಲ್ದೂನ್ ಕೊಟ್ಟ ಅಳತೆಗೋಲು

ಪರೀಕ್ಷಿಸಿ ನಂಬುವುದು ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಯ ಸರಣಿಯನ್ನೂ, ಅಂದರೆ ಇಸ್ನಾದನ್ನು, ಹೀಗೆಯೇ ಪರಿಶೀಲಿಸಿದರು. ಈತ ಆತನನ್ನು ಕಂಡಿದ್ದನೇ? ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ? ಒಂದು ಕೊಂಡಿ ಕಳಚಿದರೂ ವರದಿ ದುರ್ಬಲವಾಗುತ್ತಿತ್ತು. ಪ್ರವಾದಿ(ಸ)ಯವರ ಮಾತಿಗೇ ಇಷ್ಟು ಎಚ್ಚರ ವಹಿಸಿದ ಸಮುದಾಯ ತನ್ನ ಮನೆಯ ಕಾಗದವನ್ನು ಕಣ್ಣುಮುಚ್ಚಿ ನಂಬಬಹುದೇ?

ವಂಶಾವಳಿಗೆಂದೇ ಒಂದು ಸರಳ ಲೆಕ್ಕವನ್ನು ಕೊಟ್ಟವರು ಇಬ್ನ್ ಖಲ್ದೂನ್ (1332-1406). ಪೂರ್ವಜರ ಸಂಖ್ಯೆಯ ಬಗ್ಗೆ ಸಂದೇಹ ಬಂದರೆ ನೂರು ವರ್ಷಕ್ಕೆ ಮೂರು ತಲೆಮಾರು ಎಂದು ಎಣಿಸಿ ನೋಡಬೇಕೆಂದು ಅವರು ತಮ್ಮ ಮುಖದ್ದಿಮಾದಲ್ಲಿ ಹೇಳಿದ್ದಾರೆ. ಹೆಸರುಗಳು ಕಡಿಮೆಯಾದರೆ ನಡುವೆ ಬಿಟ್ಟುಹೋಗಿವೆ, ಹೆಚ್ಚಾದರೆ ಸೇರಿಸಲಾಗಿದೆ ಎಂದರ್ಥ.

ಈ ಲೆಕ್ಕ ಹೊಂದಿದ ಮಾತ್ರಕ್ಕೆ ಎಲ್ಲವೂ ನಿಜವಾಗದು. ಕಲ್ಯಾಣದ ಚಾಲುಕ್ಯರು ತಾವು ಬಾದಾಮಿ ಚಾಲುಕ್ಯರ ವಂಶದವರೆಂದು ಹೇಳಿಕೊಂಡರು. ಬಾದಾಮಿಯ ಆಳ್ವಿಕೆ 8ನೇ ಶತಮಾನದ ಮಧ್ಯದಲ್ಲಿ ಮುಗಿಯಿತು. ಇಮ್ಮಡಿ ತೈಲಪ ಮತ್ತೆ ರಾಜ್ಯ ಕಟ್ಟಿದ್ದು 973ರಲ್ಲಿ. ನಡುವಿನ ಸುಮಾರು 220 ವರ್ಷಗಳಿಗೆ ಅವರ ಶಾಸನಗಳು ತಂದೆಯಿಂದ ಮಗನಿಗೆ ಏಳು ತಲೆಮಾರುಗಳನ್ನು ಹೇಳುತ್ತವೆ. ಲೆಕ್ಕ ಸರಿಯಾಗಿದೆ. ಆದರೂ ಆರ್.ಜಿ. ಭಂಡಾರ್ಕರ್ ಅವರು ಸಂದೇಹಪಟ್ಟರು. ವಂಶಾವಳಿಯನ್ನು ಪೂರ್ಣವಾಗಿ ಕೊಡುವ ಕೌಠೇಂ ತಾಮ್ರಪಟ 1009ರದು, ಅಂದರೆ ಅವರು ಸಿಂಹಾಸನ ಏರಿದ ನಂತರದ್ದು. ಅದೇ ಪಟ ಇದಕ್ಕೂ ಹಿಂದೆ 59 ರಾಜರು ಅಯೋಧ್ಯೆಯಲ್ಲಿ ಆಳಿದರೆಂದೂ ಹೇಳುತ್ತದೆ. ಹಕ್ಕು ಸುಳ್ಳೆಂದು ಹೇಳಲು ಆಧಾರವಿಲ್ಲ, ನಿಜವೆಂದು ಹೇಳಲು ಬೇರೆ ಸಾಕ್ಷಿ ಬೇಕು. ಮೂರನೆಯ ಪ್ರಶ್ನೆ ಇದೇ: ಮನೆಯವರಲ್ಲದ ಬೇರೆ ಯಾರಾದರೂ ಇದನ್ನು ಹೇಳಿದ್ದಾರೆಯೇ?

ಅಧಿಕಾರ ಸಿಕ್ಕಿದ ಮೇಲೆ ವಂಶ ಹುಡುಕುವುದು ಎಲ್ಲ ಮತದವರಲ್ಲೂ ಇತ್ತು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ ಅಲಾವುದ್ದೀನ್ ಹಸನ್ ಪ್ರಾಚೀನ ಇರಾನಿನ ಬಹಮನನ ವಂಶದವನೆಂದು ಹೇಳಲಾಯಿತು. ಚರಿತ್ರೆಕಾರ ಫಿರಿಶ್ತಾ ಇದನ್ನು ಬರೆದರೂ ನಂಬಲಿಲ್ಲ.

ಚೇರಮಾನ್ ಪೆರುಮಾಳ್ ಮತ್ತು 14 ಹೆಸರುಗಳು

ಈಗ ಆ ವಿದ್ಯಾರ್ಥಿಯ ಕಾಗದಕ್ಕೆ ಬರೋಣ. ಪೆರುಮಾಳ್ ಪ್ರವಾದಿ(ಸ)ಯವರ ಕಾಲದಲ್ಲೇ ಮಕ್ಕಾಕ್ಕೆ ಹೋದನೆಂದೂ, ನಂತರ ಬಂದ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಕೊಡುಂಗಲ್ಲೂರಿನಿಂದ ಕಾಸರಗೋಡು, ಮಂಗಳೂರು, ಬಾರ್ಕೂರುಗಳವರೆಗೆ ಮಸೀದಿಗಳನ್ನು ಕಟ್ಟಿಸಿದರೆಂದೂ ಕರಾವಳಿಯ ನಂಬಿಕೆ. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮ್ ಅವರು 16ನೇ ಶತಮಾನದ ಕೊನೆಯಲ್ಲಿ ಬರೆದ ತುಹ್ಫತುಲ್ ಮುಜಾಹಿದೀನ್ ಗ್ರಂಥದಲ್ಲಿ ಈ ಕಥೆಯನ್ನು ಹೇಳುತ್ತಾರೆ. ಆದರೆ ಅದು ಪ್ರವಾದಿ(ಸ)ಯವರ ಕಾಲದಲ್ಲಿ ನಡೆಯಿತೆಂಬುದನ್ನು ಅವರು ಒಪ್ಪುವುದಿಲ್ಲ. ಹಿಜರಿ 200ರ ನಂತರವಿರಬೇಕೆಂಬುದು ಅವರ ಅಭಿಪ್ರಾಯ. ಒಬ್ಬ ಆಲಿಮರೇ ನಾಲ್ಕು ಶತಮಾನಗಳ ಹಿಂದೆ ಹೀಗೆ ಪ್ರಶ್ನಿಸಿದ್ದರು. ನಮ್ಮ ಕಾಲದ ಚರಿತ್ರೆಕಾರ ಎಂ.ಜಿ.ಎಸ್. ನಾರಾಯಣನ್ ಅವರು ಕೊನೆಯ ಚೇರ ದೊರೆ ರಾಮ ಕುಲಶೇಖರನ ಆಳ್ವಿಕೆ ಸುಮಾರು 1122ರಲ್ಲಿ ಕೊನೆಗೊಂಡಿತೆಂದು ಗುರುತಿಸಿ, ಈ ಕಥೆ ಅವನಿಗೆ ಸಂಬಂಧಿಸಿರಬಹುದು ಎಂದಿದ್ದಾರೆ.

ಲಾಭದ ಪ್ರಶ್ನೆಯನ್ನೂ ಕೇಳೋಣ. ಕಣ್ಣೂರಿನ ಅರಕ್ಕಲ್ ಮನೆತನ ಮಾತ್ರವಲ್ಲ, ಕೊಚ್ಚಿ ಮತ್ತು ಕಲ್ಲಿಕೋಟೆಯ ಹಿಂದೂ ಅರಸರೂ ತಮ್ಮ ಅಧಿಕಾರ ಪೆರುಮಾಳನಿಂದಲೇ ಬಂದದ್ದೆಂದು ಹೇಳುತ್ತಿದ್ದರು. ಎಲ್ಲರಿಗೂ ಅವನ ಹೆಸರು ಬೇಕಿತ್ತು.

ಹಾಗೆಂದು ಕರಾವಳಿಯ ಮುಸ್ಲಿಮರ ಪ್ರಾಚೀನತೆಯೇ ಸುಳ್ಳಲ್ಲ. ಕೊಲ್ಲಂನ ತರಿಸಾಪಳ್ಳಿ ತಾಮ್ರಪಟ ಕ್ರಿ.ಶ. 849ರದು. ಅದು ಕ್ರೈಸ್ತರ ಆರಾಧನಾಲಯಕ್ಕೆ ಕೊಟ್ಟ ದಾನಪತ್ರ. ಅದಕ್ಕೆ ಸಾಕ್ಷಿ ಹಾಕಿದವರಲ್ಲಿ ಕೂಫಿ ಲಿಪಿಯ ಅರಬಿಯಲ್ಲಿ ಸಹಿ ಮಾಡಿದವರೂ ಇದ್ದಾರೆ. ಅವರು ರಾಜರಲ್ಲ, ವ್ಯಾಪಾರಿಗಳು. ಆದರೆ ಅವರ ಸಹಿ ಇಂದಿಗೂ ಇದೆ.

ಇನ್ನು ಎಣಿಕೆ. ಪೆರುಮಾಳ್ ಪ್ರವಾದಿ(ಸ)ಯವರ ಕಾಲದವನಾದರೆ ಈ 1400 ವರ್ಷಗಳಿಗೆ ಸುಮಾರು 42 ಹೆಸರುಗಳು ಬೇಕು. 1122ರವನಾದರೂ 27 ಬೇಕು. ಕಾಗದದಲ್ಲಿರುವುದು 14. ಅವು ಸುಮಾರು 450 ವರ್ಷಗಳಿಗೆ ಸಾಕಾಗುತ್ತವೆ. ಮೇಲಿನ ಒಂದು ಹೆಸರನ್ನು ತೆಗೆದರೆ ಉಳಿದ 13 ಹೆಸರುಗಳು ಒಂದು ಕುಟುಂಬದ ಪ್ರಾಮಾಣಿಕ ನೆನಪಾಗಿರಬಹುದು. ಅದೇನು ಸಣ್ಣ ಸಂಗತಿಯೇ?

ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು

ಇದನ್ನೆಲ್ಲ ಹಾಜಿಯವರಿಗೆ ತಿಳಿಸಲು ನಾವಿಬ್ಬರೂ ಹೋದೆವು. ಮೊದಲು ಅವರು ಬೇಸರಿಸಿಕೊಂಡರು. "ನನ್ನ ತಂದೆ ಸುಳ್ಳು ಹೇಳಿದರೇ?" ಎಂದರು. ಇಲ್ಲ, ಕೇಳಿದ್ದನ್ನು ಹೇಳಿದರು ಎಂದೆವು. ಸ್ವಲ್ಪ ಹೊತ್ತಿನ ನಂತರ ಅವರೇ ತಗಡಿನ ಪೆಟ್ಟಿಗೆ ತೆರೆದು ಹಳೆಯ ಕ್ರಯಪತ್ರಗಳನ್ನು ತೋರಿಸಿದರು. ಅವರ ಅಜ್ಜನ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ತಂದೆಯ ಪತ್ರದಲ್ಲಿ ಕನ್ನಡದಲ್ಲಿ ಸಹಿ ಇತ್ತು. ಆ ಒಂದು ತಲೆಮಾರಿನಲ್ಲಿ ಮನೆಗೆ ಅಕ್ಷರ ಬಂದಿತ್ತು. ಹುಡುಗ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

ಹಾಜಿಯವರ ಒಪ್ಪಿಗೆಯಿಂದ ಆ ವಂಶಾವಳಿಯನ್ನು ನಾವು ಅಚ್ಚು ಹಾಕಲಿಲ್ಲ. ಅಕ್ಕನಿಗೆ ಬಂದಿದ್ದ ಸಂಬಂಧ ಮಾತ್ರ ಆಗಲೇ ಕೈತಪ್ಪಿತ್ತು. ಹುಡುಗನಿಗೆ ಬೇರೆ ಕಡೆ ನಿಕಾಹ್ ಆಗಿತ್ತು.

ಪ್ರಿಯ ವಿದ್ಯಾರ್ಥಿಗಳೇ, ಜನಾಂಗ ಮತ್ತು ಗೋತ್ರಗಳಿರುವುದು ಪರಸ್ಪರ ಗುರುತಿಸಿಕೊಳ್ಳಲು, ಶ್ರೇಷ್ಠತೆ ಇರುವುದು ತಕ್ವಾದಲ್ಲಿ ಎಂಬುದು ನಮಗೆ ಕುರ್‌ಆನ್ ಕಲಿಸಿದ ಪಾಠ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಕ್ರಯಪತ್ರ, ಮಸೀದಿಯ ನಿಕಾಹ್ ದಫ್ತರ, ಶಾಲೆಯ ದಾಖಲಾತಿ, ಕಬರಸ್ತಾನದ ಕಲ್ಲು ಇವುಗಳಿಂದ ತಿಳಿದದ್ದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಪ್ರತಿ ಹೆಸರಿನ ಎದುರಿಗೆ ಅದು ಎಲ್ಲಿಂದ ತಿಳಿಯಿತು, ಯಾರು ಹೇಳಿದರು ಎಂಬುದನ್ನು ತಾರೀಕಿನೊಂದಿಗೆ ಗುರುತಿಸಿ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ. ತಾಯಂದಿರ, ಅಜ್ಜಿಯರ ಹೆಸರುಗಳನ್ನೂ ಮರೆಯದೆ ಬರೆಯಿರಿ. ಹಳೆಯ ಶಜರಾಗಳಲ್ಲಿ ಅವು ಸಿಗುವುದು ಅಪರೂಪ. ನಿಮ್ಮ ಮೊಮ್ಮಕ್ಕಳು ಅದನ್ನು ಪರೀಕ್ಷಿಸಿ ನೋಡಿದಾಗಲೂ ಅದು ನಿಲ್ಲುವಂತಿರಲಿ.