ಮಾತಡಗಿದ ನೌಕೆಗಳ ಅನ್ವೇಷಣೆ

1971ನೆಯ ಇಸವಿಯ ಡಿಸೆಂಬರ್ 2ರಂದು, ಮಂಗಳಗ್ರಹವನ್ನೆಲ್ಲ ಧೂಳಿನ ಮಹಾ ಬಿರುಗಾಳಿಯೊಂದು ಮುಸುಕಿದ್ದ ಸಮಯದಲ್ಲಿ, ಸೋವಿಯತ್ ಒಕ್ಕೂಟದ ‘ಮಾರ್ಸ್ 3’ ನೌಕೆಯ ಲ್ಯಾಂಡರು ಅಲ್ಲಿಯ ದಕ್ಷಿಣಾರ್ಧಗೋಳದಲ್ಲಿ ಒಡೆದು ಚೂರಾಗದೆ ಇಳಿಯಿತು. ಮಾನವನಿರ್ಮಿತ ವಸ್ತುವೊಂದಕ್ಕೆ ಆ ಗ್ರಹದ ಮೇಲೆ ಇಂಥ ಅವತರಣ ಲಭಿಸಿದುದು ಅದೇ ಪ್ರಥಮ. ಆದರೆ 14.5 ಸೆಕೆಂಡುಗಳ ಕಾಲ ಸಂಕೇತಗಳನ್ನು ಕಳುಹಿ ಅದು ಸ್ತಬ್ಧವಾಯಿತು. ಅನಂತರ ನಾಲ್ಕು ದಶಕಗಳವರೆಗೆ ಅದು ಎಲ್ಲಿದೆಯೆಂದು ಕಂಡವರಿಲ್ಲ.

ಕಾಣಬಲ್ಲ ಕಣ್ಣು ದೊರೆತುದು 2006ರಲ್ಲಿ. ಆ ವರ್ಷ ಮಂಗಳನ ಕಕ್ಷೆಯನ್ನು ಸೇರಿದ ನಾಸಾದ ‘ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್’ ಒಯ್ದಿದ್ದ ‘ಹೈರೈಸ್’ ಕ್ಯಾಮರಾ, ಸುಮಾರು 300 ಕಿಲೋಮೀಟರ್ ಎತ್ತರದಿಂದ ಊಟದ ಮೇಜಿನಷ್ಟು ವಸ್ತುವನ್ನು ಗುರುತಿಸಬಲ್ಲಷ್ಟು ಸೂಕ್ಷ್ಮವಾಗಿದ್ದಿತು. ಈ ಸೂಕ್ಷ್ಮತೆಗಿಂತಲೂ ಶ್ಲಾಘ್ಯವೆಂದು ನನಗೆ ತೋರುವುದು ಅದನ್ನು ನಡೆಸಿದವರ ಔದಾರ್ಯ: ಅವರು ಚಿತ್ರಗಳನ್ನು ಲೋಕದ ಮುಂದೆ ತೆರೆದಿಟ್ಟುದಲ್ಲದೆ, ಇಂಥ ಎಡೆಯ ಚಿತ್ರವನ್ನು ತೆಗೆಯಿರೆಂದು ಯಾರು ಬೇಕಾದರೂ ಕೇಳಿಕೊಳ್ಳುವ ಅವಕಾಶವನ್ನು 2010ರಲ್ಲಿ ಕಲ್ಪಿಸಿದರು.

2012ರ ಕೊನೆಯಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ವಿತಾಲಿ ಯೆಗೊರೊವ್ ಎಂಬವರು ತಮ್ಮಂತೆಯೇ ಮಂಗಳನಲ್ಲಿ ಆಸಕ್ತರಾದ ಜನಸಾಮಾನ್ಯರನ್ನು ಕೂಡಿಕೊಂಡು, ಮಾರ್ಸ್ 3 ಇಳಿದಿರಬೇಕಾದ ಪ್ರದೇಶದ 2007ರ ಚಿತ್ರವೊಂದನ್ನು ಶೋಧಿಸಲು ತೊಡಗಿದರು. ಆ ಒಂದೇ ಚಿತ್ರದಲ್ಲಿದ್ದ ಬಿಂದುಗಳು 180 ಕೋಟಿ; ಅದನ್ನು ಪೂರ್ಣ ವಿವರದಲ್ಲಿ ಹರಡಲು ಸುಮಾರು 2,500 ಕಂಪ್ಯೂಟರ್ ಪರದೆಗಳು ಬೇಕು. ಪ್ಯಾರಾಶೂಟು, ಶಾಖಕವಚ, ವೇಗ ತಗ್ಗಿಸುವ ರಾಕೆಟ್ಟು, ಲ್ಯಾಂಡರು ಇವು ಮೇಲಿನಿಂದ ಯಾವ ಆಕಾರದಲ್ಲಿ, ಎಷ್ಟು ಗಾತ್ರದಲ್ಲಿ ತೋರಬೇಕೆಂಬುದಕ್ಕೆ ಮಾದರಿಗಳನ್ನು ಸಿದ್ಧಪಡಿಸಿಕೊಂಡು, ಕಂಡದ್ದನ್ನು ಅವಕ್ಕೆ ತಾಳೆನೋಡಿದರು. ಪೂರ್ತಿ ಹರಡಿದರೆ 11 ಮೀಟರ್ ಆಗಬೇಕಾದ ಪ್ಯಾರಾಶೂಟಿಗೆ ಹೊಂದುವಂತೆ ಏಳೂವರೆ ಮೀಟರಿನ ಬೆಳ್ಳನೆಯ ಮಚ್ಚೆಯೊಂದು, ರಾಕೆಟ್ಟಿನಂಥ ಆಕೃತಿಯಿಂದ ಸರಪಳಿಯ ಹಾಗೆ ಹೊರಚಾಚಿದ ಗೆರೆಯೊಂದು ಗೋಚರಿಸಿದುವು. 2013ರ ಮಾರ್ಚ್‌ನಲ್ಲಿ ಹೈರೈಸ್ ಆ ಸ್ಥಳವನ್ನು ಮತ್ತೆ ಚಿತ್ರಿಸಿತು. ಕಂಡವು ಮಾರ್ಸ್ 3ರ ಭಾಗಗಳೆಂಬುದನ್ನು ವಿಜ್ಞಾನಿಗಳು ಸಿದ್ಧವೆನ್ನದೆ ಸಂಭಾವ್ಯವೆಂದೇ ಸಾರಿದರು. ಆ ಸಂಯಮವೂ ಗೌರವಾರ್ಹವಾದುದು.

2003ರ ಕ್ರಿಸ್‌ಮಸ್ ದಿನ ಕಾಣೆಯಾದ ಬ್ರಿಟನ್ನಿನ ‘ಬೀಗಲ್ 2’ ಮಂಗಳನ ನೆಲದ ಮೇಲೆ ಇಡಿಯಾಗಿಯೇ ಇಳಿದು, ಸೌರಫಲಕಗಳು ಪೂರ್ತಿ ಬಿಚ್ಚಿಕೊಳ್ಳದೆ ಮೂಕವಾಯಿತೆಂಬುದು ಇದೇ ಹೈರೈಸ್‌ನ ಚಿತ್ರಗಳಿಂದ ಪ್ರಕಟವಾದದ್ದು 2015ರಲ್ಲಿ. ಅದರ ಪ್ರಧಾನ ರೂವಾರಿ ಕಾಲಿನ್ ಪಿಲಿಂಜರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನೆನೆದಾಗ ವ್ಯಥೆಯಾಗುತ್ತದೆ.

ನಮ್ಮ ದೇಶದ ದುಃಖವೂ ಈ ಚರಿತ್ರೆಯಲ್ಲಿ ಸೇರಿದೆ. 2019ರ ಸೆಪ್ಟೆಂಬರ್ 7ರಂದು ನಡುರಾತ್ರಿ ಕಳೆದ ಮೇಲೆ, ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಜನ ಉಸಿರು ಬಿಗಿಹಿಡಿದಿದ್ದಂತೆ, ಚಂದ್ರಯಾನ-2ರ ‘ವಿಕ್ರಮ್’ ಚಂದ್ರನೆಲಕ್ಕೆ ಸುಮಾರು ಎರಡು ಕಿಲೋಮೀಟರ್ ಮೇಲಿದ್ದಾಗ ಸಂಪರ್ಕ ಕಡಿಯಿತು. ನೌಕೆ ಬಿದ್ದ ಸ್ಥಾನವನ್ನು ತನ್ನ ಆರ್ಬಿಟರ್ ಕಂಡಿತೆಂದು ಇಸ್ರೋ ಕೆಲವೇ ದಿನಗಳಲ್ಲಿ ಹೇಳಿತಾದರೂ, ನಾಸಾದ ಚಂದ್ರಪರಿಭ್ರಮಕ ಸೆಪ್ಟೆಂಬರ್ 17ರಂದು ತೆಗೆದ ಚಿತ್ರಗಳಲ್ಲಿ, ದಕ್ಷಿಣ ಧ್ರುವದ ಕಡೆಯ ಓರೆಬಿಸಿಲಿನ ನೀಳವಾದ ನೆರಳುಗಳ ನಡುವೆ, ವಿಜ್ಞಾನಿಗಳಿಗೆ ಏನೂ ಗೊತ್ತಾಗಲಿಲ್ಲ. ಅವರು ಆ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟರು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅವನ್ನು ಹಳೆಯ ಚಿತ್ರಗಳೊಡನೆ ಹೋಲಿಸುತ್ತ ಹೋಗಿ, ಹಿಂದೆ ಇಲ್ಲದಿದ್ದ ಒಂದೇ ಒಂದು ಹೊಳೆಯುವ ಬಿಂದುವನ್ನು ಹಿಡಿದು ನಾಸಾಕ್ಕೆ ಬರೆದರು. ಹೊಸ ಚಿತ್ರಗಳನ್ನು ತೆಗೆದು ಪರೀಕ್ಷಿಸಿದಾಗ ಅದು ವಿಕ್ರಮ್‌ನ ಚೂರೆಂದೂ, ಮುಖ್ಯ ಪತನಸ್ಥಾನ ಅಲ್ಲಿಂದ 750 ಮೀಟರ್ ಆಗ್ನೇಯಕ್ಕಿದೆಯೆಂದೂ ಸ್ಥಿರಪಟ್ಟಿತು. ಡಿಸೆಂಬರ್‌ನಲ್ಲಿ ನಾಸಾ ಪ್ರಕಟಿಸಿದ ಚಿತ್ರದಲ್ಲಿ ಆ ಚೂರಿನ ಸ್ಥಳವನ್ನು ಸುಬ್ರಮಣಿಯನ್ನರ ಹೆಸರಿನ ಮೊದಲಕ್ಷರವಾದ ‘ಎಸ್’ ಎಂಬುದರಿಂದ ಗುರುತಿಸಲಾಗಿದೆ.