ಲಿಸ್ಬನ್ ನಡುಗಿದ ಬೆಳಿಗ್ಗೆ: ನಂಬಿದವರು, ನಂಬಿಕೆ ಕಳೆದುಕೊಂಡವರು



“ದೇವರಿದ್ದರೆ ಇಷ್ಟೊಂದು ಸಂಕಟ ಯಾಕೆ?” ನಮ್ಮ ಯುವಕೂಟಗಳಲ್ಲಿ ಈ ಪ್ರಶ್ನೆ ಆಗಾಗ ಏಳುತ್ತದೆ. ಕೆಲವರಿಗೆ ಇದು ಕಾಲೇಜಿನ ಓದಿನಿಂದ ಬಂದ ಪ್ರಶ್ನೆ. ಕೆಲವರಿಗೆ ಮನೆಯಲ್ಲಾದ ಒಂದು ಸಾವಿನಿಂದ ಬಂದದ್ದು. ಜನ ದೇವರನ್ನು ಯಾಕೆ ನಂಬುತ್ತಾರೆ, ಯಾಕೆ ನಂಬದೆ ಹೋಗುತ್ತಾರೆ ಎಂದು ತಿಳಿಯಲು ಇತಿಹಾಸದ ಒಂದು ದಿನವನ್ನು ಹತ್ತಿರದಿಂದ ನೋಡೋಣ.

ಸಕಲ ಸಂತರ ಹಬ್ಬದ ದಿನ

1755ರ ನವೆಂಬರ್ 1, ಶನಿವಾರ. ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್. ನಮ್ಮ ಕರಾವಳಿಯ ಕಥೋಲಿಕರಿಗೆ ಈ ನಗರದ ನಂಟು ಹಳೆಯದು. ಸಂತ ಫ್ರಾನ್ಸಿಸ್ ಝೇವಿಯರ್ 1541ರಲ್ಲಿ ಗೋವೆಗೆ ಹೊರಟದ್ದು ಇಲ್ಲಿಂದಲೇ.

ಅಂದು ಸಕಲ ಸಂತರ ಹಬ್ಬ. ಬಲಿಪೂಜೆಗೆ ಬಂದ ಜನರಿಂದ ದೇವಾಲಯಗಳು ತುಂಬಿದ್ದವು. ಪೀಠಗಳ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಬೆಳಿಗ್ಗೆ ಒಂಬತ್ತೂವರೆ ಕಳೆದ ಸ್ವಲ್ಪ ಹೊತ್ತಿಗೆ ಭೂಮಿ ನಡುಗಿತು. ನಡುಕ ಕೆಲವು ನಿಮಿಷಗಳ ಕಾಲ ಅಲೆಅಲೆಯಾಗಿ ಬಂತು. ಕಲ್ಲಿನ ಚಾವಣಿಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ಬದುಕಿ ಉಳಿದವರು ಬಯಲು ಸಿಗುತ್ತದೆಂದು ತೇಜೊ ನದಿಯ ದಡಕ್ಕೆ ಓಡಿದರು. ಅಲ್ಲಿ ನೀರು ಹಿಂದೆ ಸರಿದು, ಮತ್ತೆ ಎತ್ತರದ ಅಲೆಗಳಾಗಿ ನುಗ್ಗಿ ಅವರಲ್ಲಿ ಅನೇಕರನ್ನು ಕೊಚ್ಚಿಕೊಂಡು ಹೋಯಿತು. ಉರುಳಿದ ಮೇಣದಬತ್ತಿ, ಅಡುಗೆ ಒಲೆಗಳಿಂದ ಹತ್ತಿದ ಬೆಂಕಿ ಹಲವು ದಿನ ಉರಿಯಿತು. ಸಕಲ ಸಂತರ ಹೆಸರಿನಲ್ಲೇ ಇದ್ದ ದೊಡ್ಡ ಆಸ್ಪತ್ರೆ ರೋಗಿಗಳ ಸಮೇತ ಸುಟ್ಟುಹೋಯಿತು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಸಂಶಯವಿಲ್ಲ.

ಅರಮನೆಯೂ ನಾಶವಾಯಿತು. ಆದರೆ ಬೆಳಗಿನ ಪೂಜೆ ಮುಗಿಸಿ ಊರಾಚೆ ಹೋಗಿದ್ದ ರಾಜ ಮನೆತನ ಉಳಿಯಿತು. ವೇಶ್ಯೆಯರಿದ್ದ ಬೀದಿಗಳಿಗೆ ಅಷ್ಟು ಹಾನಿಯಾಗಲಿಲ್ಲ ಎಂಬ ಮಾತೂ ಹಬ್ಬಿತು. ದೇವಾಲಯದಲ್ಲಿ ಮೊಣಕಾಲೂರಿದವರು ಸತ್ತರು, ದೇವಾಲಯದ ಕಡೆ ಮುಖ ಹಾಕದವರು ಬದುಕಿದರು. ಇದಕ್ಕೇನು ಅರ್ಥ? ಇಡೀ ಯುರೋಪ್ ಇದನ್ನೇ ಕೇಳಿತು.

ಯಾರ ಪಾಪ?

ಎಲ್ಲಕ್ಕಿಂತ ಮೊದಲು ಬಂದ ಉತ್ತರ ಒಂದೇ: ಇದು ಪಾಪಕ್ಕೆ ಶಿಕ್ಷೆ. ಯಾರ ಪಾಪ ಎಂದಾಗ ಮಾತ್ರ ಉತ್ತರಗಳು ಬೇರೆಬೇರೆ. ಕೆಲವು ಪ್ರೊಟೆಸ್ಟೆಂಟ್ ಬೋಧಕರು, ಜನರನ್ನು ಸುಟ್ಟ ಇನ್‌ಕ್ವಿಸಿಷನ್‌ಗೆ ಸಿಕ್ಕ ದಂಡನೆ ಇದು ಎಂದರು. ಲಿಸ್ಬನ್ನಿನೊಳಗೆ ಯೇಸುಸಭೆಯ ಗುರು ಗಾಬ್ರಿಯೇಲ್ ಮಾಲಗ್ರಿದಾ 1756ರಲ್ಲಿ ಪುಸ್ತಿಕೆಯೊಂದನ್ನು ಬರೆದು, ಕಾರಣ ಪ್ರಕೃತಿಯಲ್ಲ, ನಿಮ್ಮ ಪಾಪಗಳೇ ಎಂದರು. ಗುಡಿಸಲು, ಮನೆ ಕಟ್ಟುವ ಓಡಾಟಕ್ಕಿಂತ ಪಶ್ಚಾತ್ತಾಪ ಮುಖ್ಯ ಎಂಬುದು ಅವರ ವಾದ.

ಮಾಲಗ್ರಿದಾ ಕೆಟ್ಟವರಲ್ಲ. ಬ್ರೆಜಿಲ್‌ನಲ್ಲಿ ದೀರ್ಘಕಾಲ ಕಷ್ಟಪಟ್ಟು ಸೇವೆ ಮಾಡಿದವರು. ಆದರೆ ನಗರವನ್ನು ಮತ್ತೆ ಕಟ್ಟಲು ಹೊರಟಿದ್ದ ಮಂತ್ರಿಗೆ ಈ ಮಾತು ಹಿಡಿಸಲಿಲ್ಲ. ಮುಂದೆ ಪೊಂಬಾಲ್ ಎಂದು ಹೆಸರಾದ ಆ ಮಂತ್ರಿ ಮಾಲಗ್ರಿದಾರನ್ನು ರಾಜಧಾನಿಯಿಂದ ಹೊರಹಾಕಿಸಿದ. ಕೊನೆಗೆ 1761ರಲ್ಲಿ, ಎಪ್ಪತ್ತು ದಾಟಿದ ಆ ಮುದುಕರನ್ನು ಪಾಷಂಡಿ ಎಂದು ಕರೆದು ಕೊಲ್ಲಿಸಲಾಯಿತು. ಅಷ್ಟರಲ್ಲಿ, 1759ರಲ್ಲೇ, ಪೊಂಬಾಲ್ ಯೇಸುಸಭೆಯವರನ್ನು ಪೋರ್ಚುಗಲ್‌ನ ಎಲ್ಲ ನಾಡುಗಳಿಂದ ಹೊರಗಟ್ಟಿದ್ದ. ಅವರನ್ನು ದ್ವೇಷಿಸಲು ಅವನಿಗೆ ಬೇರೆ ರಾಜಕೀಯ ಕಾರಣಗಳೂ ಇದ್ದವು. ಗೋವೆಯ ಯೇಸುಸಭೆಯ ಗುರುಗಳನ್ನೂ ಬಂಧಿಸಿ ಸಾಗಿಸಲಾಯಿತು. ಹೀಗೆ ಲಿಸ್ಬನ್ನಿನ ಜಗಳ ನಮ್ಮ ಕಡಲತೀರಕ್ಕೂ ತಲುಪಿತು.

ಚಿಂತಕರು ಮತ್ತು ಒಬ್ಬ ಹುಡುಗ

ಆ ಕಾಲದ ವಿದ್ಯಾವಂತರಲ್ಲಿ ಇನ್ನೊಂದು ಉತ್ತರ ಚಾಲ್ತಿಯಲ್ಲಿತ್ತು. ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ ವಾದಿಸಿದ್ದ. ಫ್ರೆಂಚ್ ಲೇಖಕ ವಾಲ್ಟೇರ್ ಲಿಸ್ಬನ್ ಸುದ್ದಿ ಕೇಳಿದ ಮೇಲೆ ಈ ಸಮಾಧಾನವನ್ನು ಒಪ್ಪಲಾರದೆ ಹೋದ. ತಾಯಿಯ ಎದೆಯ ಮೇಲೆಯೇ ಜಜ್ಜಿಹೋದ ಕೂಸು ಯಾವ ಪಾಪ ಮಾಡಿತ್ತು ಎಂದು ದೀರ್ಘ ಕವಿತೆಯೊಂದರಲ್ಲಿ ಕೇಳಿದ. 1759ರ ‘ಕ್ಯಾಂಡಿಡ್’ ಕಾದಂಬರಿಯಲ್ಲಿ “ಎಲ್ಲವೂ ಒಳ್ಳೆಯದಕ್ಕೇ” ಎನ್ನುವವರನ್ನು ಗೇಲಿ ಮಾಡಿದ. ಆದರೂ ವಾಲ್ಟೇರ್ ನಾಸ್ತಿಕನಾಗಲಿಲ್ಲ. ಧರ್ಮಸಭೆಯನ್ನು ಕಟುವಾಗಿ ಟೀಕಿಸಿದ ಅವನೇ ಮುಂದೆ ಫೆರ್ನೆ ಎಂಬ ಊರಿನಲ್ಲಿ ದೇವರ ಹೆಸರಿಗೆ ಒಂದು ಚರ್ಚ್ ಕಟ್ಟಿಸಿದ.

ಆ ಕವಿತೆಯನ್ನು ಓದಿದ ರೂಸೋ 1756ರ ಆಗಸ್ಟ್‌ನಲ್ಲಿ ವಾಲ್ಟೇರನಿಗೆ ಪತ್ರ ಬರೆದ. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೇ ಕಡೆ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ, ಮನುಷ್ಯರು ಎಂದು ನೆನಪಿಸಿದ. ಇನ್ನೊಂದು ಮಾತನ್ನೂ ಸೇರಿಸಿದ. ಸಂಪತ್ತು, ಕೀರ್ತಿ ಎಲ್ಲ ಇರುವ ನಿಮಗೆ ಲೋಕದಲ್ಲಿ ಕೇಡೇ ಕಾಣುತ್ತಿದೆ; ಬಡವ, ರೋಗಿಯಾದ ನಾನು ಭರವಸೆ ಇಟ್ಟುಕೊಂಡಿದ್ದೇನೆ ಎಂಬುದು ಅದರ ಸಾರ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಗ ಆರು ವರ್ಷದ ಹುಡುಗನೊಬ್ಬ ದೊಡ್ಡವರ ಮಾತು ಕೇಳಿಸಿಕೊಳ್ಳುತ್ತಿದ್ದ. ವಿಶ್ವಾಸ ಸಂಗ್ರಹದಲ್ಲಿ ದಯಾಳು ತಂದೆ ಎಂದು ಕಲಿಸಿದ ದೇವರು ಒಳ್ಳೆಯವರನ್ನೂ ಕೆಟ್ಟವರನ್ನೂ ಒಟ್ಟಿಗೇ ನಾಶಮಾಡಿದ್ದು ಹೇಗೆ ಎಂದು ಅವನ ಮನಸ್ಸು ಕಲಕಿತು. ಆ ಹುಡುಗ ಮುಂದೆ ಮಹಾಕವಿ ಗೊಯೆಥೆ ಆದ. ವೃದ್ಧಾಪ್ಯ ಹತ್ತಿರವಾದಾಗ ಬರೆದ ಆತ್ಮಕಥೆಯಲ್ಲೂ ಆ ಕಲಕನ್ನು ಮರೆತಿರಲಿಲ್ಲ. ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳೂ ದೊಡ್ಡವರ ಮಾತನ್ನು ಹೀಗೆಯೇ ಕೇಳಿಸಿಕೊಳ್ಳುತ್ತಿರುತ್ತಾರೆ.

ಲೆಕ್ಕ ಬರೆದ ಗುರುಗಳು

ಈ ವಾದಗಳ ಗದ್ದಲದಲ್ಲಿ ಮರೆತುಹೋದವರು ಹಳ್ಳಿಹಳ್ಳಿಯ ಧರ್ಮಕೇಂದ್ರದ ಗುರುಗಳು. 1756ರಲ್ಲಿ ಪೊಂಬಾಲ್ ದೇಶದ ಎಲ್ಲ ಧರ್ಮಕೇಂದ್ರಗಳಿಗೆ ಪ್ರಶ್ನೆಗಳ ಪಟ್ಟಿಯೊಂದನ್ನು ಕಳಿಸಿದ. ನಡುಕ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಕಾಲ ಇತ್ತು? ಸಮುದ್ರ ಮೊದಲು ಏರಿತೇ, ಇಳಿಯಿತೇ? ಬಾವಿ, ಬುಗ್ಗೆಗಳಲ್ಲಿ ಏನು ಬದಲಾವಣೆ? ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು? ಗುರುಗಳು ತಮ್ಮ ಊರಿನ ವಿವರ ಬರೆದು ಕಳಿಸಿದರು. ಅವರ ಉತ್ತರಗಳು ಇಂದಿಗೂ ಪೋರ್ಚುಗಲ್‌ನ ರಾಷ್ಟ್ರೀಯ ದಾಖಲೆಸಂಗ್ರಹದಲ್ಲಿವೆ. ಇಂದಿನ ಭೂಕಂಪ ವಿಜ್ಞಾನಿಗಳೂ ಅವುಗಳನ್ನು ಓದುತ್ತಾರೆ. ಹೊಸ ಲಿಸ್ಬನ್ನಿನಲ್ಲಿ ಗೋಡೆಗಳ ಒಳಗೆ ಮರದ ಚೌಕಟ್ಟಿಟ್ಟು, ನಡುಗಿದರೂ ಬೀಳದಂತೆ ಮನೆಗಳನ್ನು ಕಟ್ಟಿದರು.

ಭೂಮಿ ಯಾಕೆ ನಡುಗಿತೆಂದು ಲೆಕ್ಕ ಇಡುವುದು ಆ ಗುರುಗಳಿಗೆ ವಿಶ್ವಾಸದ್ರೋಹ ಎನಿಸಲಿಲ್ಲ. ಸತ್ತವರನ್ನು ಹೂಳಿದವರೂ, ಎಣಿಸಿದವರೂ, ಮರುದಿನ ಬಲಿಪೂಜೆ ಅರ್ಪಿಸಿದವರೂ ಇಂಥವರೇ.

ನಾವು ಕಲಿಯಬೇಕಾದದ್ದು

ಒಂದೇ ಭೂಕಂಪ ಒಬ್ಬನ ನಂಬಿಕೆಯನ್ನು ಅಲ್ಲಾಡಿಸಿತು, ಇನ್ನೊಬ್ಬನ ಭರವಸೆಯನ್ನು ಗಟ್ಟಿಮಾಡಿತು. ಸಂಕಟ ತಾನಾಗಿ ಯಾರನ್ನೂ ನಾಸ್ತಿಕರನ್ನಾಗಿಯೋ ಭಕ್ತರನ್ನಾಗಿಯೋ ಮಾಡುವುದಿಲ್ಲ. ಆ ಹೊತ್ತಿಗೆ ದೇವರ ಹೆಸರಿನಲ್ಲಿ ಪಕ್ಕದಲ್ಲಿ ನಿಂತವರು ಏನು ಹೇಳಿದರು, ಏನು ಮಾಡಿದರು ಎಂಬುದು ಬಹಳ ಮುಖ್ಯವಾಗುತ್ತದೆ. ಅಂದು ಅನೇಕರು ತೊರೆದದ್ದು ದೇವರನ್ನಲ್ಲ. ಪಾಪ ಎಣಿಸಿ ಗೋಡೆ ಬೀಳಿಸುವ ದೇವರ ಚಿತ್ರವನ್ನು.

ಆ ಚಿತ್ರವನ್ನು ಯೇಸುಸ್ವಾಮಿಯೇ ತಳ್ಳಿಹಾಕಿದ್ದರು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಮನಪರಿವರ್ತನೆಯ ಕರೆಯನ್ನು ಕೇಳುತ್ತಾ ನಿಂತಿದ್ದ ಎಲ್ಲರಿಗೂ ಕೊಟ್ಟರು (ಲೂಕ 13:1-5). ಯೋಬನ ಗೆಳೆಯರು ಏಳು ದಿನ ಅವನ ಜೊತೆ ಸುಮ್ಮನೆ ಕೂತದ್ದು ಒಳ್ಳೆಯ ಕೆಲಸ. ಬಾಯಿ ತೆರೆದು ಅವನ ಪಾಪ ಹುಡುಕಿದ್ದರಿಂದ ದೇವರ ಕೋಪಕ್ಕೆ ಗುರಿಯಾದರು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗಲೂ ಇದು ಯಾರ ಪಾಪ ಎಂಬ ಮಾತುಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಅದೇ ದಿನಗಳಲ್ಲಿ ಪುತ್ತುಮಲೆಯಲ್ಲಿ, ಗುರುತು ಸಿಗದ ದೇಹಗಳನ್ನು ಸಂಖ್ಯೆ ಬರೆದ ಸಮಾಧಿಗಳಲ್ಲಿ ಇಟ್ಟು, ಎಲ್ಲ ಧರ್ಮದವರೂ ಸೇರಿ ಪ್ರಾರ್ಥಿಸಿದರು. ದೇವರಿದ್ದಾರೆಯೇ ಎಂದು ಆ ಹೊತ್ತಿನಲ್ಲಿ ಕೇಳುವ ಗೆಳೆಯನಿಗೆ ಇವೆರಡರಲ್ಲಿ ಯಾವುದು ದೇವರ ಮುಖವನ್ನು ತೋರಿಸೀತು?

ಸಂಕಟ ಯಾಕೆ ಎಂಬ ಪ್ರಶ್ನೆಗೆ ನಮ್ಮ ಬಳಿ ಪೂರ್ತಿ ಉತ್ತರವಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿಯೂ “ಯಾಕೆ” ಎಂದೇ ತಂದೆಯನ್ನು ಕೇಳಿದರು. ಹಾಗಾಗಿ ನಮ್ಮ ಕೂಟದಲ್ಲಿ ಯಾರಾದರೂ ಈ ಪ್ರಶ್ನೆ ಎತ್ತಿದರೆ ಅವರನ್ನು ಅವಿಶ್ವಾಸಿ ಎನ್ನದಿರೋಣ. ಮೊದಲು ಕೇಳಿಸಿಕೊಳ್ಳೋಣ, ಪಕ್ಕದಲ್ಲಿ ಕೂರೋಣ, ಕೈಲಾದ ಕೆಲಸ ಮಾಡೋಣ. ಮುಂದಿನ ಯುವಕೂಟಕ್ಕೆ ಬರುವಾಗ ಎಲ್ಲರೂ ಲೂಕನ ಆ ಐದು ವಚನಗಳನ್ನು ಓದಿಕೊಂಡು ಬನ್ನಿ. ಅಲ್ಲಿಂದಲೇ ಮಾತು ಮುಂದುವರಿಸೋಣ.